ವಿಜಯಪುರ ಜಿಲ್ಲೆಯ ಪ್ರಸಾರ ಕಾರ್ಮಿಕರು ಮತ್ತು ಕಾರ್ಮಿಕ ಸಂಘಗಳು

ವಿಜಯಪುರ ಜಿಲ್ಲೆಯ ಪ್ರಸಾರ ಕಾರ್ಮಿಕರು ಎಂದರೆ ವಿಜಯಪುರ ನಗರ, ತಿಕೋಟಾ, ಬಬಲೇಶ್ವರ ಹಾಗೂ ಸುತ್ತಲಿನ ತಾಲ್ಲೂಕುಗಳಲ್ಲಿ ಬಾನುಲಿ, ದೂರದರ್ಶನ, ಸುದ್ದಿವಾಹಿನಿ ಮತ್ತು ಕೇಬಲ್ ಜಾಲಗಳಿಗಾಗಿ ದುಡಿಯುವವರು. ಆಕಾಶವಾಣಿಯ ಕಾಯಂ ನೌಕರರು, ಹಂಗಾಮಿ ಉದ್ಘೋಷಕರು, ಖಾಸಗಿ ವಾಹಿನಿಗಳ ವರದಿಗಾರರು, ಕ್ಯಾಮೆರಾ ಕೆಲಸಗಾರರು, ಕೇಬಲ್ ಲೈನ್‌ಮನ್‌ಗಳು ಈ ವರ್ಗಕ್ಕೆ ಸೇರುತ್ತಾರೆ. ಕೆಲಸ ಒಂದೇ ಕ್ಷೇತ್ರದ್ದಾದರೂ ಕಾನೂನು ಇವರೆಲ್ಲರನ್ನೂ ಒಂದೇ ಬಗೆಯಲ್ಲಿ ಕಂಡಿಲ್ಲ. ಕಾಯಂ ನೌಕರರಿಗೆ ದೇಶವ್ಯಾಪಿ ಸಂಘಗಳಿವೆ. ಸುದ್ದಿ ವರದಿಗಾರರಿಗೆ ಪತ್ರಕರ್ತರ ಸಂಘದ ಆಸರೆ ಭಾಗಶಃ ದೊರೆತಿದೆ. ತುಣುಕು ಲೆಕ್ಕದಲ್ಲಿ ಅಥವಾ ದಿನಗೂಲಿಯ ಮೇಲೆ ದುಡಿಯುವವರು ಬಹುಮಟ್ಟಿಗೆ ಸಂಘಟನೆಯ ಹೊರಗೇ ಉಳಿದಿದ್ದಾರೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ವಿದ್ಯುನ್ಮಾನ ಮಾಧ್ಯಮದ ಕೆಲಸಗಾರರನ್ನು ಸ್ಪಷ್ಟವಾಗಿ ಹೆಸರಿಸಿರುವುದರಿಂದ ಈ ವಿಷಯ ಮತ್ತೆ ಚರ್ಚೆಗೆ ಬಂದಿದೆ.

ಪ್ರದೇಶ ಮತ್ತು ಮಾಧ್ಯಮ

ಬಿಜಾಪುರ ಎಂದು ಹೆಸರಾಗಿದ್ದ ನಗರವು 2014ರ ನವೆಂಬರ್ 1ರಿಂದ ಅಧಿಕೃತವಾಗಿ ವಿಜಯಪುರವಾಯಿತು. ಅಥಣಿ ಮಾರ್ಗದಲ್ಲಿರುವ ತಿಕೋಟಾ ಮತ್ತು ಜಮಖಂಡಿ ಮಾರ್ಗದಲ್ಲಿರುವ ಬಬಲೇಶ್ವರ ಹಿಂದೆ ವಿಜಯಪುರ ತಾಲ್ಲೂಕಿನ ಭಾಗಗಳಾಗಿದ್ದು, ಈಗ ಪ್ರತ್ಯೇಕ ತಾಲ್ಲೂಕು ಕೇಂದ್ರಗಳಾಗಿವೆ. ದ್ರಾಕ್ಷಿ ಬೆಳೆ, ಒಣದ್ರಾಕ್ಷಿ ತಯಾರಿಕೆ ಮತ್ತು ಏತ ನೀರಾವರಿ ಈ ಭಾಗದ ಆರ್ಥಿಕ ಜೀವನದ ಮುಖ್ಯ ಅಂಶಗಳು. ಅಕಾಲಿಕ ಮಳೆ, ಬೆಲೆ ಕುಸಿತ, ನೀರಿನ ಹಂಚಿಕೆ, ಗುಳೆ ಹೋಗುವ ಕುಟುಂಬಗಳ ಸ್ಥಿತಿ ಇಲ್ಲಿಂದ ಹೊರಡುವ ಸುದ್ದಿಗಳ ನಿತ್ಯದ ವಸ್ತು.

ಹೊಸ ತಾಲ್ಲೂಕುಗಳು ರಚನೆಯಾದಾಗ ಆಡಳಿತದ ಕಚೇರಿಗಳು ಹೆಚ್ಚಿದವು. ಅದರೊಂದಿಗೆ ಸುದ್ದಿಯ ಕೇಂದ್ರಗಳೂ ಹೆಚ್ಚಿದವು. ತಹಶೀಲ್ದಾರರ ಕಚೇರಿ, ತಾಲ್ಲೂಕು ಪಂಚಾಯಿತಿ, ಮಾರುಕಟ್ಟೆ ಇವುಗಳ ವರದಿಗೆ ಸ್ಥಳೀಯರೊಬ್ಬರು ಬೇಕಾದರು. ಆದರೆ ವಾಹಿನಿಗಳ ಆಡಳಿತ ಕಚೇರಿಗಳು ಬೆಂಗಳೂರಿನಲ್ಲಿಯೇ ಇವೆ. ಕೆಲಸ ನಡೆಯುವ ಊರಿಗೂ ಕೆಲಸ ಕೊಡುವ ಕಚೇರಿಗೂ ನಡುವಿನ ಈ ಅಂತರ, ಮುಂದೆ ವಿವರಿಸಿರುವ ಬಹುಪಾಲು ಸಮಸ್ಯೆಗಳ ಮೂಲದಲ್ಲಿದೆ.

ಇಂಥ ಕೆಲಸದ ಸ್ವರೂಪವನ್ನು ಎರಡು ಪ್ರಸಂಗಗಳಿಂದ ತಿಳಿಯಬಹುದು. 2024ರ ಏಪ್ರಿಲ್ ಆರಂಭದಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣ ಗ್ರಾಮದಲ್ಲಿ ಕೊಳವೆಬಾವಿಗೆ ಬಿದ್ದಿದ್ದ ಮಗುವನ್ನು ಸುಮಾರು 20 ತಾಸುಗಳ ಕಾರ್ಯಾಚರಣೆಯ ಬಳಿಕ ಜೀವಂತವಾಗಿ ಹೊರತೆಗೆಯಲಾಯಿತು. ರಾತ್ರಿಯಿಡೀ ನಡೆದ ಆ ಕಾರ್ಯಾಚರಣೆಯನ್ನು ಕನ್ನಡ ವಾಹಿನಿಗಳು ನೇರವಾಗಿ ತೋರಿಸಿದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ತಿಕೋಟಾ ತಾಲ್ಲೂಕಿನ ಹೊನವಾಡ ಗ್ರಾಮದ ಜಮೀನುಗಳಿಗೆ ಸಂಬಂಧಿಸಿದ ವಕ್ಫ್ ವಿವಾದವು ರಾಷ್ಟ್ರಮಟ್ಟದ ಸುದ್ದಿಯಾಯಿತು. ಎರಡೂ ಸಂದರ್ಭಗಳಲ್ಲಿ ನಾಡಿಗೆ ಕಂಡದ್ದು ಘಟನೆ ಮತ್ತು ನಿರೂಪಕರ ಮುಖ. ಸ್ಥಳದಲ್ಲಿ ನಿಂತು ಚಿತ್ರಿಸುವವರ ಪಾಳಿಯ ಅವಧಿ ಎಷ್ಟು, ಮಿತಿ ಮೀರಿದ ತಾಸುಗಳಿಗೆ ಪ್ರತ್ಯೇಕ ವೇತನ ಉಂಟೇ, ಅಪಘಾತವಾದರೆ ಹೊಣೆ ಯಾರದು ಎಂಬ ಪ್ರಶ್ನೆಗಳು ಕಾರ್ಮಿಕ ಸಂಘಗಳ ವ್ಯಾಪ್ತಿಗೆ ಬರುತ್ತವೆ.

ಕಾರ್ಮಿಕ ಸಂಘ ಪ್ರತಿನಿಧಿಸುವ ಬಗೆ

ಸಂಘ ಕಟ್ಟಿಕೊಳ್ಳುವ ಹಕ್ಕು ಭಾರತ ಸಂವಿಧಾನದ 19(1)(ಸಿ) ವಿಧಿಯಲ್ಲಿದೆ. ಸಂಘದ ನೋಂದಣಿಯನ್ನು ಬಹುಕಾಲ 1926ರ ಕಾರ್ಮಿಕ ಸಂಘಗಳ ಕಾಯ್ದೆ ನಿಯಂತ್ರಿಸಿತು. ಈಗ ಅದರ ಸ್ಥಾನದಲ್ಲಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಇದೆ. ಕನಿಷ್ಠ ಏಳು ಮಂದಿ ಸೇರಿ ಅರ್ಜಿ ಸಲ್ಲಿಸಬಹುದು. ಆದರೆ ಆ ಸಂಸ್ಥೆ ಅಥವಾ ಉದ್ಯಮದಲ್ಲಿರುವ ಕಾರ್ಮಿಕರಲ್ಲಿ ಶೇಕಡಾ 10ರಷ್ಟು ಅಥವಾ 100 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸದಸ್ಯರಾಗಿರಬೇಕು.

ಪ್ರಸಾರ ಕ್ಷೇತ್ರದಲ್ಲಿ ಸಂಘದ ಕೆಲಸವನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಸಾಮೂಹಿಕ ಚೌಕಾಶಿ: ವೇತನ, ಪಾಳಿ, ರಜೆ, ಪ್ರಯಾಣ ಭತ್ಯೆ ಮುಂತಾದವುಗಳ ಬಗ್ಗೆ ಮಾಲೀಕರೊಡನೆ ಕುಳಿತು ಒಪ್ಪಂದಕ್ಕೆ ಬರುವುದು. ಎರಡನೆಯದು ವ್ಯಕ್ತಿಗತ ದೂರುಗಳ ನಿರ್ವಹಣೆ: ಕೆಲಸದಿಂದ ತೆಗೆದುಹಾಕಿದಾಗ ಅಥವಾ ವೇತನ ತಡೆಹಿಡಿದಾಗ ಸದಸ್ಯರ ಪರವಾಗಿ ಕಾರ್ಮಿಕ ಅಧಿಕಾರಿಯ ಮುಂದೆ, ನ್ಯಾಯಮಂಡಳಿಯ ಮುಂದೆ ವಾದ ಮಂಡಿಸುವುದು. ಮೂರನೆಯದು ನೀತಿಯ ಮಟ್ಟದ ಒತ್ತಾಯ: ಸರ್ಕಾರ ಕಾನೂನು ರೂಪಿಸುವಾಗ ತಮ್ಮ ವರ್ಗವನ್ನು ಬಿಡದಂತೆ ನೋಡಿಕೊಳ್ಳುವುದು. ನಾಲ್ಕನೆಯದು ಪರಸ್ಪರ ನೆರವು: ಕ್ಷೇಮನಿಧಿ, ವೈದ್ಯಕೀಯ ಸಹಾಯ, ಮೃತರ ಕುಟುಂಬಕ್ಕೆ ಧನಸಹಾಯ.

ಮೊದಲ ಎರಡು ಬಗೆಯ ಕೆಲಸಕ್ಕೆ ಎದುರಿಗೆ ಮಾಲೀಕನೊಬ್ಬನಿರಬೇಕು. ಸದಸ್ಯನು ಆತನ ಕೆಲಸಗಾರನೆಂಬುದಕ್ಕೆ ದಾಖಲೆಯೂ ಇರಬೇಕು. ದಾಖಲೆ ಇಲ್ಲದಿದ್ದಲ್ಲಿ ಸಂಘದ ಪಾಲಿಗೆ ಉಳಿಯುವುದು ಕೊನೆಯ ಎರಡು ಮಾತ್ರ. ವಿಜಯಪುರ ಜಿಲ್ಲೆಯ ವಿವಿಧ ವರ್ಗಗಳ ನಡುವಿನ ವ್ಯತ್ಯಾಸ ಮುಖ್ಯವಾಗಿ ಇಲ್ಲಿಂದ ಹುಟ್ಟುತ್ತದೆ.

ಆಕಾಶವಾಣಿ ಮತ್ತು ದೂರದರ್ಶನ

ಕಾಯಂ ನೌಕರರು

'ಆಕಾಶವಾಣಿ' ಎಂಬ ಹೆಸರು 1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಖಾಸಗಿ ಬಾನುಲಿ ಕೇಂದ್ರದೊಂದಿಗೆ ಬೆಳಕಿಗೆ ಬಂದಿತು. ಉತ್ತರ ಕರ್ನಾಟಕದಲ್ಲಿ ಧಾರವಾಡ ಕೇಂದ್ರವು 1950ರಲ್ಲಿ ಪ್ರಾರಂಭವಾಯಿತು. ವಿಜಯಪುರದಲ್ಲಿ ಆಕಾಶವಾಣಿಯ ಸ್ಥಳೀಯ ಎಫ್.ಎಂ. ಕೇಂದ್ರವಿದೆ. 1990ರ ಪ್ರಸಾರ ಭಾರತಿ ಕಾಯ್ದೆ 1997ರಲ್ಲಿ ಜಾರಿಗೆ ಬಂದಾಗ ಆಕಾಶವಾಣಿ ಮತ್ತು ದೂರದರ್ಶನ ಎರಡೂ ಪ್ರಸಾರ ಭಾರತಿ ನಿಗಮದ ಆಡಳಿತಕ್ಕೆ ಒಳಪಟ್ಟವು.

ಸರ್ಕಾರಿ ನೌಕರರಾಗಿ ಸೇರಿದವರು ನಿಗಮದ ನೌಕರರಾದರೆ ತಮ್ಮ ನಿವೃತ್ತಿ ವೇತನ ಮತ್ತು ಸೇವಾ ಭದ್ರತೆ ಏನಾಗುವುದೆಂಬ ಆತಂಕ ದೇಶದಾದ್ಯಂತ ಹಬ್ಬಿತು. ನೌಕರರ ಸಂಘಟನೆಗಳ ರಾಷ್ಟ್ರೀಯ ಒಕ್ಕೂಟವು 2010ರ ನವೆಂಬರ್‌ನಲ್ಲಿ 48 ತಾಸುಗಳ ಮುಷ್ಕರಕ್ಕೆ ಕರೆ ನೀಡಿ, ಪ್ರಸಾರ ಭಾರತಿ ಕಾಯ್ದೆಯನ್ನೇ ರದ್ದುಪಡಿಸಬೇಕೆಂದು ಒತ್ತಾಯಿಸಿತು. ಕಾಯ್ದೆ ರದ್ದಾಗಲಿಲ್ಲ. ಆದರೆ ಮುಂದೆ ಸಂಸತ್ತು ಅಂಗೀಕರಿಸಿದ 2011ರ ತಿದ್ದುಪಡಿ ಕಾಯ್ದೆಯು, 2007ರ ಅಕ್ಟೋಬರ್ 5ರವರೆಗೆ ನೇಮಕವಾದವರನ್ನು ನಿಗಮದಲ್ಲಿ ನಿಯೋಜನೆಯ ಮೇಲಿರುವ ಸರ್ಕಾರಿ ನೌಕರರೆಂದು ಪರಿಗಣಿಸಿತು. ಸಂಘಟಿತ ಪ್ರಾತಿನಿಧ್ಯವು ಸಣ್ಣ ಕೇಂದ್ರವೊಂದರ ನೌಕರನ ಬದುಕಿಗೂ ಹೇಗೆ ತಲುಪಬಲ್ಲದು ಎಂಬುದಕ್ಕೆ ಇದು ನಿದರ್ಶನ: ವಿಜಯಪುರದಂಥ ಕೇಂದ್ರದಲ್ಲಿ ಬೆರಳೆಣಿಕೆಯಷ್ಟು ಸಿಬ್ಬಂದಿ ಇದ್ದರೂ ಅವರ ಸೇವಾ ಸ್ಥಾನಮಾನವನ್ನು ನಿರ್ಧರಿಸಿದ್ದು ದೆಹಲಿಯ ಮಟ್ಟದಲ್ಲಿ ನಡೆದ ಮಾತುಕತೆ.

ತಂತ್ರಜ್ಞಾನದ ಬದಲಾವಣೆಯೂ ಈ ವರ್ಗವನ್ನು ತಟ್ಟಿದೆ. ಹಳೆಯ ಅನಲಾಗ್ ಭೂತಲ ಪ್ರಸಾರವನ್ನು ದೂರದರ್ಶನವು 2021–22ರ ವೇಳೆಗೆ ಬಹುಮಟ್ಟಿಗೆ ಸ್ಥಗಿತಗೊಳಿಸಿತು. ಆಗ ನೆರೆಯ ಕಲಬುರಗಿಯ ದೂರದರ್ಶನ ಕೇಂದ್ರವೇ ಮುಚ್ಚಲಿದೆ ಎಂಬ ವದಂತಿ ಹಬ್ಬಿದ್ದು, ಕಾರ್ಯಕ್ರಮ ನಿರ್ಮಾಣ ಮುಂದುವರಿಯುವುದೆಂದು ಪ್ರಸಾರ ಭಾರತಿ ಸ್ಪಷ್ಟೀಕರಣ ನೀಡಿತು. ಪ್ರೇಷಕ ಯಂತ್ರ ನಿಂತರೂ ಅದನ್ನು ನೋಡಿಕೊಳ್ಳುತ್ತಿದ್ದ ಕಾಯಂ ನೌಕರನು ಬೇರೆಡೆಗೆ ವರ್ಗವಾಗಬಲ್ಲನು. ಗುತ್ತಿಗೆಯ ಕಾವಲುಗಾರನಿಗೆ ಆ ಅವಕಾಶವಿಲ್ಲ.

ಹಂಗಾಮಿ ಉದ್ಘೋಷಕರು

ಶ್ರೋತೃಗಳಿಗೆ ಚಿರಪರಿಚಿತವಾದ ಅನೇಕ ಧ್ವನಿಗಳು ಹಂಗಾಮಿ ಉದ್ಘೋಷಕರವು. ಇವರನ್ನು ಧ್ವನಿ ಪರೀಕ್ಷೆಯ ಮೂಲಕ ಆಯ್ದು, ಪಾಳಿಯೊಂದಕ್ಕೆ ಇಷ್ಟೆಂದು ಸಂಭಾವನೆ ಕೊಡಲಾಗುತ್ತದೆ. ಸಾಮಾನ್ಯವಾಗಿ ತಿಂಗಳಿಗೆ ಆರು ಪಾಳಿಗಳನ್ನು ಮೀರದಂತೆ ಕೆಲಸ ಹಂಚುವ ಪದ್ಧತಿಯಿದೆ. ಹೀಗಾಗಿ ಹತ್ತಾರು ವರ್ಷ ಮೈಕಿನ ಮುಂದೆ ಕುಳಿತವರೂ ದಾಖಲೆಯಲ್ಲಿ ಪ್ರತಿ ಬಾರಿಯೂ ಹೊಸಬರೇ.

ನ್ಯಾಯಾಲಯಗಳಲ್ಲಿ ಈ ವರ್ಗಕ್ಕೆ ಮಿಶ್ರ ಫಲ ದೊರೆತಿದೆ. ಹಂಗಾಮಿ ಕಲಾವಿದರ ಹೋರಾಟದ ಫಲವಾಗಿ ದೂರದರ್ಶನವು 1992ರಲ್ಲಿ ಸಕ್ರಮಾತಿ ಯೋಜನೆಯೊಂದನ್ನು ರೂಪಿಸಿತು. ಅದು ಒಂದು ಕ್ಯಾಲೆಂಡರ್ ವರ್ಷದಲ್ಲಿ 120 ದಿನಗಳ ಕೆಲಸವನ್ನು ಅರ್ಹತೆಯಾಗಿ ಇಟ್ಟುಕೊಂಡಿತ್ತು. ತಿಂಗಳಿಗೆ ಆರು ಪಾಳಿ ಎಂದರೆ ವರ್ಷಕ್ಕೆ 72 ದಿನ. ಅಂಥ ಅರ್ಹತೆಯನ್ನು ಈ ಲೆಕ್ಕದಲ್ಲಿ ಎಂದಿಗೂ ಮುಟ್ಟಲಾಗದು. ಆಕಾಶವಾಣಿ ಮತ್ತು ದೂರದರ್ಶನಗಳು ಕಾರ್ಮಿಕ ಕಾನೂನಿನ ಅರ್ಥದಲ್ಲಿ 'ಉದ್ಯಮ'ವೇ ಹೌದೆಂದು ಸುಪ್ರೀಂ ಕೋರ್ಟ್ 1998ರಲ್ಲಿ ತೀರ್ಪಿತ್ತಿತು. ಕರ್ನಾಟಕದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ 2006ರ ಏಪ್ರಿಲ್ 10ರಂದು ಸಂವಿಧಾನ ಪೀಠವು, ಕ್ರಮಬದ್ಧ ನೇಮಕಾತಿಯಿಲ್ಲದ ತಾತ್ಕಾಲಿಕ ನೌಕರರಿಗೆ ಸಕ್ರಮಾತಿ ಹಕ್ಕಲ್ಲವೆಂದು ಹೇಳಿತು. 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದ ತೀರ್ಪು, ದೀರ್ಘಕಾಲ ಅಗತ್ಯದ ಕೆಲಸ ಮಾಡಿದವರ ನ್ಯಾಯಬದ್ಧ ಬೇಡಿಕೆಯನ್ನು ತಳ್ಳಿಹಾಕಲು ಉಮಾದೇವಿ ತೀರ್ಪನ್ನು ಗುರಾಣಿಯಾಗಿಸಬಾರದೆಂದು ಎಚ್ಚರಿಸಿತು. ಹಂಗಾಮಿ ಉದ್ಘೋಷಕರ ಸಂಘಟನೆಗಳು ಈ ತೀರ್ಪುಗಳ ನಡುವೆಯೇ ತಮ್ಮ ವಾದವನ್ನು ಕಟ್ಟಿಕೊಳ್ಳಬೇಕಾಗಿದೆ.

ಖಾಸಗಿ ಸುದ್ದಿವಾಹಿನಿಗಳ ವರದಿಗಾರರು

ಜಿಲ್ಲಾ ಕೇಂದ್ರದಲ್ಲಿ ವಾಹಿನಿಯ ಪೂರ್ಣಾವಧಿ ವರದಿಗಾರರು ಇರುವುದುಂಟು. ತಾಲ್ಲೂಕು ಮಟ್ಟದಲ್ಲಿ ಹೆಚ್ಚಾಗಿ ಕಾಣುವವರು 'ಸ್ಟ್ರಿಂಗರ್' ಎಂದು ಕರೆಯಲ್ಪಡುವ ಅರೆಕಾಲಿಕ ವರದಿಗಾರರು. ಪ್ರಸಾರವಾದ ಸುದ್ದಿಯ ಲೆಕ್ಕದಲ್ಲಿ ಇವರಿಗೆ ಹಣ ಸಂದಾಯವಾಗುತ್ತದೆ. ಕ್ಯಾಮೆರಾ, ಮೊಬೈಲ್, ದ್ವಿಚಕ್ರ ವಾಹನ, ಪೆಟ್ರೋಲು, ಇಂಟರ್ನೆಟ್ ವೆಚ್ಚ ಬಹುತೇಕ ಅವರದೇ. ಕಳುಹಿಸಿದ ದೃಶ್ಯ ಪ್ರಸಾರವಾಗದಿದ್ದರೆ ಆ ದಿನದ ದುಡಿಮೆಗೆ ಬೆಲೆಯಿಲ್ಲ. ಜಾಹೀರಾತು ಸಂಗ್ರಹಿಸುವ ಹೊಣೆಯೂ ಕೆಲವೆಡೆ ಇವರ ಮೇಲೆಯೇ ಬೀಳುತ್ತದೆ. ಯಾರ ಬಗ್ಗೆ ವರದಿ ಮಾಡಬೇಕೋ ಅವರಲ್ಲೇ ಜಾಹೀರಾತು ಕೇಳಬೇಕಾದ ಸ್ಥಿತಿ ಕೂಲಿಯ ಪ್ರಶ್ನೆಯ ಜೊತೆಗೆ ಸುದ್ದಿಯ ವಿಶ್ವಾಸಾರ್ಹತೆಯ ಪ್ರಶ್ನೆಯನ್ನೂ ಎತ್ತುತ್ತದೆ.

ಪತ್ರಿಕಾ ಕ್ಷೇತ್ರದ ಕಾನೂನು ಬಹುಕಾಲ ಇವರನ್ನು ಮುಟ್ಟಲಿಲ್ಲ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯು ಮುದ್ರಿತ ಪತ್ರಿಕೆಗಳನ್ನು ಮಾತ್ರ ಗಮನದಲ್ಲಿಟ್ಟು ರೂಪುಗೊಂಡಿತ್ತು. ಆ ಕಾಯ್ದೆಯನ್ವಯ ನೇಮಕವಾದ ಮಜೀಠಿಯಾ ವೇತನ ಮಂಡಳಿಯ ಶಿಫಾರಸುಗಳು 2011ರ ನವೆಂಬರ್‌ನಲ್ಲಿ ಅಧಿಸೂಚಿತವಾಗಿ, 2014ರ ಫೆಬ್ರವರಿ 7ರಂದು ಸುಪ್ರೀಂ ಕೋರ್ಟಿನ ಮನ್ನಣೆ ಪಡೆದವು. ಅವು ಪತ್ರಿಕೆ ಹಾಗೂ ಸುದ್ದಿಸಂಸ್ಥೆಗಳಿಗಷ್ಟೇ ಅನ್ವಯಿಸಿದವು. ಒಂದೇ ಪತ್ರಿಕಾಗೋಷ್ಠಿಯಲ್ಲಿ ಅಕ್ಕಪಕ್ಕ ಕುಳಿತ ಪತ್ರಿಕೆಯ ವರದಿಗಾರನಿಗೆ ವೇತನ ಮಂಡಳಿಯ ರಕ್ಷಣೆ ಕಾಗದದ ಮೇಲಾದರೂ ಇತ್ತು. ವಾಹಿನಿಯ ವರದಿಗಾರನಿಗೆ ಅದೂ ಇರಲಿಲ್ಲ.

ಈ ವರ್ಗವನ್ನು ಮುಖ್ಯವಾಗಿ ಪ್ರತಿನಿಧಿಸುತ್ತಿರುವುದು ಕರ್ನಾಟಕ ಕಾರ್ಯನಿರತ ಪತ್ರಕರ್ತರ ಸಂಘ. 1932ರಲ್ಲಿ ಡಿ. ವಿ. ಗುಂಡಪ್ಪನವರ ಮುಂದಾಳತ್ವದಲ್ಲಿ ಆರಂಭವಾದ ಪತ್ರಕರ್ತರ ಸಂಘಟನೆಯ ಪರಂಪರೆಗೆ ಸೇರಿದ ಈ ಸಂಘಕ್ಕೆ ವಿಜಯಪುರ ಸೇರಿದಂತೆ ಜಿಲ್ಲೆಗಳಲ್ಲಿ ಶಾಖೆಗಳಿವೆ. ಅದರ 37ನೇ ರಾಜ್ಯ ಸಮ್ಮೇಳನವು 2023ರ ಫೆಬ್ರವರಿಯಲ್ಲಿ ವಿಜಯಪುರ ನಗರದಲ್ಲಿಯೇ ಜರುಗಿತು. ಕ್ಷೇಮನಿಧಿ, ನಿವೃತ್ತಿ ವೇತನ, ಗ್ರಾಮೀಣ ಪತ್ರಕರ್ತರಿಗೆ ಬಸ್ ಪಾಸ್ ಮುಂತಾದ ಬೇಡಿಕೆಗಳನ್ನು ಪತ್ರಕರ್ತರ ಸಂಘಟನೆಗಳು ಸರ್ಕಾರದ ಮುಂದಿಡುತ್ತ ಬಂದಿವೆ. ಗ್ರಾಮೀಣ ಪತ್ರಕರ್ತರ ಉಚಿತ ಬಸ್ ಪ್ರಯಾಣದ ಯೋಜನೆಯನ್ನು ರಾಜ್ಯ ಸರ್ಕಾರ ಪ್ರಕಟಿಸಿತು. 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯ ನಡುವೆ, ಪತ್ರಕರ್ತರನ್ನು ಮುಂಚೂಣಿ ಕಾರ್ಯಕರ್ತರೆಂದು ಘೋಷಿಸಲಾಯಿತು.

ಈ ಸಾಧನೆಗಳೆಲ್ಲ ಸರ್ಕಾರದಿಂದ ಪಡೆದವುಗಳೆಂಬುದು ಗಮನಾರ್ಹ. ವಾಹಿನಿಯ ಆಡಳಿತದೊಂದಿಗೆ ಕುಳಿತು ಪ್ರತಿ ಸುದ್ದಿಗೆ ದರ ನಿಗದಿಪಡಿಸುವ ಸಾಮೂಹಿಕ ಒಪ್ಪಂದವು ತಾಲ್ಲೂಕು ವರದಿಗಾರರ ಪಾಲಿಗೆ ರೂಢಿಯಾಗಿಲ್ಲ. ಸರ್ಕಾರಿ ಸೌಲಭ್ಯಕ್ಕೂ ಮಾಧ್ಯಮ ಸಂಸ್ಥೆಯ ದೃಢೀಕರಣ ಅಗತ್ಯವಾಗುವುದರಿಂದ, ನೇಮಕಾತಿ ಪತ್ರವಿಲ್ಲದವರು ಅಲ್ಲಿಯೂ ಹಿಂದೆ ಬೀಳುತ್ತಾರೆ.

ಕೇಬಲ್ ಜಾಲದ ಕೆಲಸಗಾರರು

ವಾಹಿನಿಯು ಮನೆಯನ್ನು ತಲುಪುವ ಕೊನೆಯ ಹಂತದಲ್ಲಿ ಕೇಬಲ್ ಕೆಲಸಗಾರರಿದ್ದಾರೆ. ತಂತಿ ಎಳೆಯುವುದು, ಸೆಟ್ ಟಾಪ್ ಬಾಕ್ಸ್ ಜೋಡಿಸುವುದು, ತಿಂಗಳ ಹಣ ವಸೂಲು ಮಾಡುವುದು, ಮಳೆಗಾಳಿಗೆ ತುಂಡಾದ ತಂತಿಯನ್ನು ಸರಿಪಡಿಸುವುದು ಇವರ ಕೆಲಸ. 1995ರ ಕೇಬಲ್ ದೂರದರ್ಶನ ಜಾಲಗಳ ಕಾಯ್ದೆಯು ಆಪರೇಟರುಗಳ ನೋಂದಣಿ ಮತ್ತು ಕಾರ್ಯಕ್ರಮ ಸಂಹಿತೆಯ ಬಗ್ಗೆ ಹೇಳುತ್ತದೆ. ಕೆಲಸಗಾರರ ಸೇವಾ ನಿಯಮಗಳು ಅದರ ವಿಷಯವಲ್ಲ.

2017ರ ಹೊತ್ತಿಗೆ ಗ್ರಾಮೀಣ ಪ್ರದೇಶವನ್ನೂ ಒಳಗೊಂಡ ಡಿಜಿಟಲೀಕರಣ, 2019ರಲ್ಲಿ ಜಾರಿಗೊಂಡ ಹೊಸ ದರ ವ್ಯವಸ್ಥೆ, ಬಳಿಕ ಮೊಬೈಲ್ ಹಾಗೂ ಓಟಿಟಿ ವೀಕ್ಷಣೆಯ ಏರಿಕೆ ಇವುಗಳಿಂದ ಸಣ್ಣ ಆಪರೇಟರುಗಳ ವರಮಾನ ಕುಗ್ಗಿದೆ. ಆಪರೇಟರುಗಳಿಗೆ ಸಂಘಗಳಿವೆ. ಆದರೆ ಅವು ಮಾಲೀಕರ ಸಂಘಗಳು. ಮಾಲೀಕನೇ ಕಂಬ ಹತ್ತುವ ಸಣ್ಣ ವ್ಯವಹಾರದಲ್ಲಿ ಮಾಲೀಕ ಮತ್ತು ಕಾರ್ಮಿಕರ ನಡುವಿನ ಗೆರೆ ಮಸುಕಾಗಿದ್ದರೂ, ವಸೂಲಿ ಕಡಿಮೆಯಾದಾಗ ಮೊದಲು ಕೆಲಸ ಕಳೆದುಕೊಳ್ಳುವವನು ದಿನಗೂಲಿಯ ಹುಡುಗ.

ಈ ಕೆಲಸದಲ್ಲಿ ಅಪಾಯ ಹೆಚ್ಚು. ವಿದ್ಯುತ್ ಕಂಬದ ಮೇಲೆಯೇ ಕೇಬಲ್ ಹಾದುಹೋಗುವಲ್ಲಿ ಆಘಾತದ ಭಯ ಸದಾ ಇದ್ದೇ ಇರುತ್ತದೆ. ಭವಿಷ್ಯನಿಧಿ ಸಾಮಾನ್ಯವಾಗಿ 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ, ಇಎಸ್‌ಐ 10 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ತಿಕೋಟಾ ಅಥವಾ ಬಬಲೇಶ್ವರದಂಥ ಊರಿನಲ್ಲಿ ಮೂರು ನಾಲ್ಕು ಜನರನ್ನಿಟ್ಟುಕೊಂಡ ಆಪರೇಟರು ಎರಡೂ ಮಿತಿಗಳ ಕೆಳಗೇ ಉಳಿಯುತ್ತಾನೆ. ಅಪಘಾತ ಪರಿಹಾರದ ಕಾನೂನು 1923ರಿಂದಲೂ ಇದ್ದರೂ, ಗಾಯಗೊಂಡವನು ಇಂಥವರ ಕೆಲಸದಲ್ಲಿಯೇ ಇದ್ದನೆಂಬುದನ್ನು ಸಾಧಿಸಿ ತೋರಿಸಬೇಕಾಗುತ್ತದೆ.

ಧಾರಾವಾಹಿ ಮತ್ತು ಮನರಂಜನಾ ಕ್ಷೇತ್ರ

ಕನ್ನಡ ಧಾರಾವಾಹಿಗಳ ನಿರ್ಮಾಣ ಬೆಂಗಳೂರಿನಲ್ಲಿ ಕೇಂದ್ರೀಕೃತವಾಗಿದೆ. ವಿಜಯಪುರ ಭಾಗದ ಕಲಾವಿದರು, ತಂತ್ರಜ್ಞರು ಅವಕಾಶಕ್ಕಾಗಿ ಅಲ್ಲಿಗೇ ಹೋಗಬೇಕು. ಅಲ್ಲಿನ ಸಂಘಟನೆಗಳಲ್ಲಿ ಚಲನಚಿತ್ರ ಕಾರ್ಮಿಕರು, ಕಲಾವಿದರು ಮತ್ತು ತಂತ್ರಜ್ಞರ ಒಕ್ಕೂಟ ಹಾಗೂ ಕರ್ನಾಟಕ ಟೆಲಿವಿಷನ್ ಅಸೋಸಿಯೇಷನ್ ಮುಖ್ಯವಾದವು.

ಡಬ್ಬಿಂಗ್ ವಿವಾದವು ಈ ಸಂಘಟನೆಗಳ ಶಕ್ತಿ ಮತ್ತು ಮಿತಿ ಎರಡನ್ನೂ ತೋರಿಸಿತು. ಪರಭಾಷೆಯ ಕಾರ್ಯಕ್ರಮಗಳು ಕನ್ನಡಕ್ಕೆ ಡಬ್ ಆಗಿ ಬಂದರೆ ಇಲ್ಲಿನ ಕಲಾವಿದರು, ತಂತ್ರಜ್ಞರು ಕೆಲಸ ಕಳೆದುಕೊಳ್ಳುವರೆಂಬುದು ವಿರೋಧಿಗಳ ವಾದ. ತಮಗೆ ಬೇಕಾದುದನ್ನು ತಮ್ಮ ನುಡಿಯಲ್ಲಿ ನೋಡುವ ಹಕ್ಕು ಕನ್ನಡಿಗರಿಗಿದೆ ಎಂಬುದು ಕನ್ನಡ ಗ್ರಾಹಕರ ಕೂಟದ ವಾದ. ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2015ರ ಜುಲೈ 27ರಂದು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ, ಟೆಲಿವಿಷನ್ ಅಸೋಸಿಯೇಷನ್ ಮುಂತಾದವುಗಳಿಗೆ ದಂಡ ವಿಧಿಸಿತು. ಬಂಗಾಳದಲ್ಲಿ ಡಬ್ ಆದ 'ಮಹಾಭಾರತ' ಧಾರಾವಾಹಿಯ ಪ್ರಸಾರಕ್ಕೆ ಒಡ್ಡಿದ ಅಡ್ಡಿಗೆ ಸಂಬಂಧಿಸಿದಂತೆ ಸುಪ್ರೀಂ ಕೋರ್ಟ್ 2017ರ ಮಾರ್ಚ್ 7ರಂದು ತೀರ್ಪು ನೀಡಿ, ಕಲಾವಿದರ ಹಾಗೂ ತಂತ್ರಜ್ಞರ ಸಮನ್ವಯ ಸಮಿತಿಯು ವಾಣಿಜ್ಯ ಸಂಘದೊಡನೆ ಕೂಡಿ ಮಾರುಕಟ್ಟೆಯನ್ನು ತಡೆದಾಗ ಕೇವಲ ಕಾರ್ಮಿಕ ಸಂಘವೆಂಬ ಕಾರಣಕ್ಕೆ ಸ್ಪರ್ಧಾ ಕಾಯ್ದೆಯಿಂದ ವಿನಾಯಿತಿ ಪಡೆಯಲಾಗದೆಂದು ಸ್ಪಷ್ಟಪಡಿಸಿತು. ಕೆಲಸದ ಷರತ್ತುಗಳಿಗಾಗಿ ಒಗ್ಗೂಡುವುದು ಬೇರೆ, ಪ್ರೇಕ್ಷಕನ ಆಯ್ಕೆಯನ್ನು ತಡೆಯುವುದು ಬೇರೆ ಎಂಬ ಭೇದ ಇದರಿಂದ ಗಟ್ಟಿಯಾಯಿತು.

ಕ್ಷೇಮಾಭಿವೃದ್ಧಿಯ ದಿಕ್ಕಿನಲ್ಲಿ ರಾಜ್ಯ ವಿಧಾನಮಂಡಲವು 2024ರಲ್ಲಿ ಸಿನಿ ಮತ್ತು ಸಾಂಸ್ಕೃತಿಕ ಚಟುವಟಿಕೆದಾರರ ಕ್ಷೇಮಾಭಿವೃದ್ಧಿಯ ಕಾನೂನನ್ನು ಅಂಗೀಕರಿಸಿತು. ಚಿತ್ರಮಂದಿರದ ಟಿಕೆಟ್, ಚಂದಾ ಶುಲ್ಕ ಮುಂತಾದವುಗಳ ಮೇಲೆ ಶೇಕಡಾ 1ರಿಂದ 2ರವರೆಗೆ ಮೇಲ್ತೆರಿಗೆ ವಿಧಿಸಿ ನಿಧಿ ಕಟ್ಟುವುದು ಅದರ ಉದ್ದೇಶ.

ಕಾರ್ಮಿಕ ಸಂಹಿತೆಗಳು

ಸಂಸತ್ತು ಹಳೆಯ 29 ಕಾರ್ಮಿಕ ಕಾಯ್ದೆಗಳನ್ನು ನಾಲ್ಕು ಸಂಹಿತೆಗಳಲ್ಲಿ ಅಡಕಗೊಳಿಸಿತು. ಪ್ರಸಾರ ಕಾರ್ಮಿಕರಿಗೆ ಸಂಬಂಧಿಸಿದ ಮುಖ್ಯ ಬದಲಾವಣೆಗಳು ಹೀಗಿವೆ:

• ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿ 'ಕಾರ್ಯನಿರತ ಪತ್ರಕರ್ತ' ಎಂಬ ವ್ಯಾಖ್ಯೆಯು ವಿದ್ಯುನ್ಮಾನ ಹಾಗೂ ಡಿಜಿಟಲ್ ಮಾಧ್ಯಮಗಳಲ್ಲಿ ಪೂರ್ಣಾವಧಿ ಅಥವಾ ಅರೆಕಾಲಿಕವಾಗಿ ದುಡಿಯುವವರನ್ನೂ ಒಳಗೊಂಡಿದೆ.
• 1981ರ ಸಿನಿಮಾ ಕಾರ್ಮಿಕರ ಕಾಯ್ದೆಯು ಕಥಾಚಿತ್ರಗಳಿಗೆ ಸೀಮಿತವಾಗಿತ್ತು. ಅದರ ಸ್ಥಾನದಲ್ಲಿ ಬಂದ 'ದೃಶ್ಯ-ಶ್ರವ್ಯ ಕಾರ್ಮಿಕ' ಎಂಬ ವರ್ಗದಲ್ಲಿ ದೂರದರ್ಶನ ಧಾರಾವಾಹಿ, ರಿಯಾಲಿಟಿ ಷೋ, ವೆಬ್ ಸರಣಿಗಳ ಕಲಾವಿದರು, ನಿರೂಪಕರು, ವಾರ್ತಾವಾಚಕರು, ತಂತ್ರಜ್ಞರು ಸೇರುತ್ತಾರೆ. ಇವರೊಂದಿಗೆ ಲಿಖಿತ ಒಪ್ಪಂದ ಕಡ್ಡಾಯ.
• ಪ್ರತಿ ನೌಕರನಿಗೂ ನೇಮಕಾತಿ ಪತ್ರ ಕೊಡುವುದು ಮಾಲೀಕನ ಕರ್ತವ್ಯ.
• ನಿಗದಿತ ಅವಧಿಗೆ ನೇಮಕವಾದವರು ಒಂದು ವರ್ಷದ ಸೇವೆಯ ಬಳಿಕ ಗ್ರಾಚ್ಯುಟಿಗೆ ಅರ್ಹರು.
• ವೇತನ ಸಂಹಿತೆಯ ಪ್ರಕಾರ ಕನಿಷ್ಠ ವೇತನವು ಆಯ್ದ ಉದ್ಯಮಗಳಿಗೆ ಸೀಮಿತವಾಗದೆ ಎಲ್ಲ ನೌಕರರಿಗೂ ಅನ್ವಯಿಸುತ್ತದೆ.
• ಶೇಕಡಾ 51 ಅಥವಾ ಹೆಚ್ಚು ಕಾರ್ಮಿಕರ ಬೆಂಬಲವಿರುವ ಸಂಘವೇ ಏಕೈಕ ಚೌಕಾಶಿ ಸಂಘ. ಅಂಥ ಸಂಘವಿಲ್ಲದಿದ್ದರೆ ಶೇಕಡಾ 20ರಷ್ಟು ಬೆಂಬಲವುಳ್ಳ ಸಂಘಗಳು ಸೇರಿ ಚೌಕಾಶಿ ಮಂಡಳಿ ರಚನೆಯಾಗುತ್ತದೆ.
• ಮುಷ್ಕರಕ್ಕೆ 14 ದಿನಗಳ ಮುನ್ಸೂಚನೆ ಬೇಕು. ಅರ್ಧದಷ್ಟು ಅಥವಾ ಹೆಚ್ಚು ಜನ ಒಟ್ಟಿಗೆ ಸಾಂದರ್ಭಿಕ ರಜೆ ಹಾಕುವುದೂ ಮುಷ್ಕರವೆನಿಸುತ್ತದೆ.

ಕೇಂದ್ರ ಸರ್ಕಾರವು ಇವನ್ನು ಸರಳೀಕರಣದ ಹಾಗೂ ಸಾರ್ವತ್ರಿಕ ರಕ್ಷಣೆಯ ಹೆಜ್ಜೆಯೆಂದು ಬಣ್ಣಿಸಿದೆ. ಹತ್ತು ಕೇಂದ್ರ ಕಾರ್ಮಿಕ ಸಂಘಟನೆಗಳ ಜಂಟಿ ವೇದಿಕೆಯು ಮುಷ್ಕರದ ನಿರ್ಬಂಧ, ಸಂಘಗಳ ಮಾನ್ಯತೆಯ ಷರತ್ತು, ವಜಾ ಮಾಡಲು ಅನುಮತಿ ಬೇಕಾದ ಕಾರ್ಮಿಕರ ಸಂಖ್ಯೆಯನ್ನು 100ರಿಂದ 300ಕ್ಕೆ ಏರಿಸಿದ್ದು ಮುಂತಾದವುಗಳನ್ನು ವಿರೋಧಿಸಿದೆ.

ವ್ಯಾಖ್ಯೆಗಳ ನಡುವೆ ಹೊಂದಾಣಿಕೆಯ ಕೊರತೆಯೂ ಇದೆ. ಸುರಕ್ಷತೆಯ ಸಂಹಿತೆಯು ವಿದ್ಯುನ್ಮಾನ ಮಾಧ್ಯಮವನ್ನು ಸೇರಿಸಿಕೊಂಡರೆ, ಕೈಗಾರಿಕಾ ಸಂಬಂಧಗಳ ಸಂಹಿತೆಯು ಪತ್ರಕರ್ತರ ಬಗ್ಗೆ 1955ರ ಕಾಯ್ದೆಯ ಹಳೆಯ ವ್ಯಾಖ್ಯೆಯನ್ನೇ ಉಲ್ಲೇಖಿಸುತ್ತದೆ. ಇದಲ್ಲದೆ ಸುರಕ್ಷತೆಯ ಸಂಹಿತೆಯಲ್ಲಿ 'ಸಂಸ್ಥೆ' ಎಂದರೆ ಸಾಮಾನ್ಯವಾಗಿ 10 ಅಥವಾ ಹೆಚ್ಚು ಕಾರ್ಮಿಕರಿರುವ ಸ್ಥಳ. ಬೆಂಗಳೂರಿನ ವಾಹಿನಿಯೊಂದು ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ. ತಾಲ್ಲೂಕಿನ ಸಣ್ಣ ಕೇಬಲ್ ವ್ಯವಹಾರ ದಾಟುವುದಿಲ್ಲ.

ಇತರ ದೇಶಗಳ ಅನುಭವ

ಬ್ರಿಟನ್ನಿನ ಪತ್ರಕರ್ತರ ರಾಷ್ಟ್ರೀಯ ಸಂಘವು ಸ್ವತಂತ್ರ ವರದಿಗಾರರನ್ನೂ ಸದಸ್ಯರನ್ನಾಗಿ ಸೇರಿಸಿಕೊಳ್ಳುತ್ತದೆ. ಅವರಿಗಾಗಿಯೇ ಪ್ರತ್ಯೇಕ ಶಾಖೆಗಳಿವೆ. ಬಿಬಿಸಿಯು ತನ್ನ ಸ್ಥಳೀಯ ಬಾನುಲಿ ಕೇಂದ್ರಗಳ ಕಾರ್ಯಕ್ರಮಗಳನ್ನು ಹಲವು ಪ್ರದೇಶಗಳಿಗೆ ಸಮಾನವಾಗಿಸಿ ಸ್ಥಳೀಯ ಪ್ರಸಾರದ ಅವಧಿಯನ್ನು ತಗ್ಗಿಸಲು ಹೊರಟಾಗ, ಆ ಸಂಘದ ಸದಸ್ಯರು 2023ರ ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ ಮುಷ್ಕರ ಹೂಡಿದರು. ಕೇಂದ್ರವೊಂದರ ಸ್ಥಳೀಯ ತಾಸುಗಳು ಕಡಿತವಾದರೆ ಶ್ರೋತೃವಿಗೂ ಉದ್ಘೋಷಕನಿಗೂ ಒಟ್ಟಿಗೆ ನಷ್ಟ ಎಂಬುದು ಅವರ ವಾದವಾಗಿತ್ತು. ಹಂಗಾಮಿ ಪಾಳಿಗಳನ್ನು ಅವಲಂಬಿಸಿದ ಕೇಂದ್ರಗಳಿರುವ ಕಡೆಯೆಲ್ಲ ಈ ವಾದ ಪ್ರಸ್ತುತ.

ಅಮೆರಿಕದ ನಟರ ಮತ್ತು ಪ್ರಸಾರ ಕಲಾವಿದರ ಸಂಘವು 2023ರ ಜುಲೈ 14ರಿಂದ ನವೆಂಬರ್ 9ರವರೆಗೆ ಮುಷ್ಕರ ನಡೆಸಿತು. ಕಲಾವಿದನ ಮುಖ ಮತ್ತು ಧ್ವನಿಯನ್ನು ಕೃತಕ ಬುದ್ಧಿಮತ್ತೆಯ ಮೂಲಕ ಮರುಸೃಷ್ಟಿಸಲು ಆತನ ಒಪ್ಪಿಗೆ ಮತ್ತು ಸಂಭಾವನೆ ಅಗತ್ಯವೆಂಬ ಷರತ್ತು ಆ ಒಪ್ಪಂದದಲ್ಲಿ ಸೇರಿತು. ಕರ್ನಾಟಕದಲ್ಲಿಯೂ ಈ ಪ್ರಶ್ನೆ ದೂರದ್ದಲ್ಲ. 2023ರ ಜುಲೈನಲ್ಲಿ ಕನ್ನಡ ಸುದ್ದಿವಾಹಿನಿಯೊಂದು ಕೃತಕ ಬುದ್ಧಿಮತ್ತೆಯ ನಿರೂಪಕಿಯನ್ನು ಪರಿಚಯಿಸಿತು. 2024ರ ಮೇ ತಿಂಗಳಲ್ಲಿ ದೂರದರ್ಶನದ ಕಿಸಾನ್ ವಾಹಿನಿಯು ಅಂಥದೇ ಇಬ್ಬರು ನಿರೂಪಕರನ್ನು ತಂದಿತು. ಹಂಗಾಮಿ ಉದ್ಘೋಷಕರ ಧ್ವನಿ ಸಂಗ್ರಹಗಳ ಮೇಲೆ ಹಕ್ಕು ಯಾರದೆಂಬುದು ಲಿಖಿತ ಒಪ್ಪಂದಗಳಲ್ಲಿ ಮುಂಚಿತವಾಗಿ ಇತ್ಯರ್ಥವಾಗಬೇಕಾದ ಅಂಶ.

ವಿಶ್ಲೇಷಣೆ

ಮೇಲಿನ ವರ್ಗಗಳನ್ನು ಹೋಲಿಸಿದರೆ ಒಂದು ಕ್ರಮ ಗೋಚರಿಸುತ್ತದೆ. ಪ್ರಾತಿನಿಧ್ಯದ ಬಲವು ಕೆಲಸದ ಕಷ್ಟಕ್ಕೆ ಅನುಗುಣವಾಗಿಲ್ಲ. ಕೆಲಸದ ದಾಖಲೆಗೆ ಅನುಗುಣವಾಗಿದೆ. ಸೇವಾ ಪುಸ್ತಕವಿರುವ ಆಕಾಶವಾಣಿ ನೌಕರನ ಪರವಾಗಿ ಸಂಸತ್ತಿನವರೆಗೆ ದನಿ ತಲುಪಿತು. ಪಾಳಿಯ ಚೀಟಿಯಷ್ಟೇ ಇರುವ ಉದ್ಘೋಷಕನು ನ್ಯಾಯಾಲಯದ ಬಾಗಿಲವರೆಗೆ ಹೋಗಬಲ್ಲನು. ಗುರುತಿನ ಚೀಟಿ ಮಾತ್ರ ಇರುವ ತಾಲ್ಲೂಕು ವರದಿಗಾರನು ಸರ್ಕಾರದ ಸೌಲಭ್ಯಕ್ಕಾಗಿ ಕಾಯುತ್ತಾನೆ. ಯಾವ ಚೀಟಿಯೂ ಇಲ್ಲದ ಕೇಬಲ್ ಹುಡುಗನ ಪರವಾಗಿ ಮಾತನಾಡಲು ಸಂಘವೇ ಇಲ್ಲ.

ಹೊಸ ಸಂಹಿತೆಗಳು ಹೆಸರಿಸುವ ಕೆಲಸವನ್ನು ಮಾಡಿವೆ. ವಾಹಿನಿಯ ಅರೆಕಾಲಿಕ ವರದಿಗಾರನನ್ನು ಪತ್ರಕರ್ತನೆಂದು, ವಾರ್ತಾವಾಚಕನನ್ನು ಕಾರ್ಮಿಕನೆಂದು ಕಾನೂನು ಒಪ್ಪಿಕೊಂಡಿದೆ. ಆ ಹೆಸರು ಫಲಕೊಡಬೇಕಾದರೆ ನೇಮಕಾತಿ ಪತ್ರ ಕೈಗೆ ಬರಬೇಕು. ವಾಹಿನಿಯು ಸ್ಟ್ರಿಂಗರನನ್ನು ನೌಕರನಲ್ಲ, ಸುದ್ದಿ ಮಾರುವ ಸ್ವತಂತ್ರ ವ್ಯಕ್ತಿ ಎಂದು ವಾದಿಸಿದರೆ ಪತ್ರದ ಪ್ರಶ್ನೆಯೇ ಏಳದು. ಒಬ್ಬರೇ ಎರಡು ಮೂರು ವಾಹಿನಿಗಳಿಗೆ ದೃಶ್ಯ ಕಳುಹಿಸುವಲ್ಲಿ ಈ ವಾದಕ್ಕೆ ಬಲವೂ ಇದೆ. ಆದ್ದರಿಂದ ಕಾನೂನಿನ ಮುಂದಿನ ಹಂತದ ವ್ಯಾಜ್ಯಗಳು ವೇತನದ ಮೊತ್ತಕ್ಕಿಂತ ಮೊದಲು ಕೆಲಸದ ಸಂಬಂಧವನ್ನು ಸಾಬೀತುಪಡಿಸುವುದರ ಸುತ್ತಲೇ ನಡೆಯುವ ಸಾಧ್ಯತೆಯಿದೆ. ಸುದ್ದಿ ಕಳುಹಿಸಿದ ಸಂದೇಶಗಳು, ಬ್ಯಾಂಕಿನ ಜಮೆಗಳು, ಸಂಪಾದಕೀಯ ವಿಭಾಗದಿಂದ ಬಂದ ಸೂಚನೆಗಳು ಇಂಥ ಸಂದರ್ಭದಲ್ಲಿ ಸಾಕ್ಷ್ಯವಾಗಬಲ್ಲವು.

ಸಂಘಟನೆಯ ಸ್ವರೂಪದ ಪ್ರಶ್ನೆಯೂ ಇದರೊಂದಿಗೆ ಬೆಸೆದುಕೊಂಡಿದೆ. ಒಬ್ಬ ಆಪರೇಟರನ ಬಳಿ ಮೂವರು ಕೆಲಸಗಾರರಿರುವಲ್ಲಿ ಸಂಸ್ಥೆಗೊಂದು ಸಂಘ ಅಸಾಧ್ಯ. ಆದರೆ ಕಾನೂನು ಉದ್ಯಮದ ಆಧಾರದ ಮೇಲೂ ಸಂಘ ಕಟ್ಟಲು ಅವಕಾಶ ಕೊಡುವುದರಿಂದ, ವಿಜಯಪುರ, ತಿಕೋಟಾ, ಬಬಲೇಶ್ವರದ ಕೇಬಲ್ ಕೆಲಸಗಾರರು ಮಾಲೀಕರು ಬೇರೆಬೇರೆಯಾದರೂ ಒಂದೇ ಜಿಲ್ಲಾ ಸಂಘದಲ್ಲಿ ಸೇರಬಹುದು. ಬೀಡಿ, ಹಮಾಲಿ, ಕಟ್ಟಡ ಕೆಲಸಗಾರರು ಕರ್ನಾಟಕದಲ್ಲಿ ಸಂಘಟಿತರಾದದ್ದು ಈ ಬಗೆಯಲ್ಲಿಯೇ. ಕಟ್ಟಡ ಕಾರ್ಮಿಕರಿಗೆ ಮಾಲೀಕರು ದಿನದಿನಕ್ಕೆ ಬದಲಾಗುತ್ತಿದ್ದರೂ ಕಲ್ಯಾಣ ಮಂಡಳಿಯ ನೋಂದಣಿ ದೊರೆತದ್ದು ಪ್ರಸಾರ ಕ್ಷೇತ್ರದ ಬಿಡಿ ಕೆಲಸಗಾರರಿಗೂ ಮಾದರಿಯಾಗಬಲ್ಲದು.

ಪ್ರಸಾರ ತರಂಗಗಳು ಸಾರ್ವಜನಿಕ ಸ್ವತ್ತೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಸಾರಿತ್ತು. ಆ ತೀರ್ಪಿನ ಮುಖ್ಯ ಕಾಳಜಿ ವೀಕ್ಷಕರ ಮಾಹಿತಿಯ ಹಕ್ಕು. ತಿಕೋಟಾದ ದ್ರಾಕ್ಷಿ ಬೆಳೆಗಾರನ ನಷ್ಟವನ್ನು ನಾಡಿಗೆ ತಿಳಿಸುವ ವರದಿಗಾರನು ಆ ದಿನದ ಪೆಟ್ರೋಲಿಗಾಗಿ ಯಾರ ಮುಂದೆಯೂ ಕೈಚಾಚದಿರುವ ಸ್ಥಿತಿ ಇದ್ದಾಗಲೇ ಆ ಮಾಹಿತಿ ನಂಬಿಕೆಗೆ ಅರ್ಹವಾಗುತ್ತದೆ. ಹೀಗಾಗಿ ಪ್ರಸಾರ ಕಾರ್ಮಿಕರ ಪ್ರಾತಿನಿಧ್ಯದಲ್ಲಿ ವೀಕ್ಷಕರ ಹಿತವೂ ಅಡಗಿದೆ.

ಇವನ್ನೂ ನೋಡಿ

• ಪ್ರಸಾರ ಭಾರತಿ
• ಆಕಾಶವಾಣಿ
• ಕರ್ನಾಟಕ ಕಾರ್ಯನಿರತ ಪತ್ರಕರ್ತರ ಸಂಘ
• ಭಾರತದ ಕಾರ್ಮಿಕ ಸಂಹಿತೆಗಳು
• ಡಬ್ಬಿಂಗ್ ವಿವಾದ
• ವಿಜಯಪುರ ಜಿಲ್ಲೆ